ಅಪ್ಪನ ಜೀಪು ಕೆಟ್ಟಿಲ್ಲ, ಲೆಕ್ಕ ಬಾಕಿ ಇದೆ

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಅಪ್ಪ ಓಡಿಸುತ್ತಿದ್ದ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪು ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲೇ ನಿಂತಿತ್ತು. ಪೆಟ್ರೋಲ್ ಖರ್ಚು ತಾಳಲಾರದೆ, ಹಳೆಯ ಪಿಕಪ್‌ನಿಂದ ತೆಗೆದ ಮಹೀಂದ್ರದ 2,523 ಸಿಸಿ ಡೀಸೆಲ್ ಎಂಜಿನ್ ಕೂರಿಸಿದೆ. ಗೇರ್‌ಬಾಕ್ಸ್ ಮಾತ್ರ ಹಳೆಯದೇ, ಮೂರು ಗೇರಿನದು. ಈಗ ಇಳಿಜಾರಿನಲ್ಲಿ ಸೆಕೆಂಡ್ ಗೇರ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಅರವತ್ತು ದಾಟಿದರೆ ಎಂಜಿನ್ ಅರಚುತ್ತದೆ. ಒಬ್ಬ ಮೆಕ್ಯಾನಿಕ್ ನಾಲ್ಕು ಗೇರಿನ ಬಾಕ್ಸ್ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಐದು ಗೇರಿನದು ಅನ್ನುತ್ತಾರೆ. ಕೈಯಲ್ಲಿದ್ದ ದುಡ್ಡು ಮುಗಿದಿದೆ. ‘ಅಪ್ಪನ ಜೀಪನ್ನು ಕೆಡಿಸಿಬಿಟ್ಟೆ’ ಎಂದು ಅಣ್ಣ ಮಾತು ಬಿಟ್ಟಿದ್ದಾನೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ತುಂಬ ಗೇರ್‌ಬಾಕ್ಸಿನ ಮಾತಿದೆ. ಅಣ್ಣನ ಮಾತು, ನಿದ್ದೆಯ ಮಾತು ಕೊನೆಯಲ್ಲಿ ಎರಡೇ ಸಾಲು. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಆ ಎರಡು ಸಾಲೇ ಎಂದು ನನಗನ್ನಿಸುತ್ತದೆ. ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಅಪ್ಪನ ಜೀಪು ಮತ್ತೆ ತೋಟದಲ್ಲಿ ಓಡಾಡಲಿ ಎಂದು ಹೊರಟವರು ನೀವು. ಅದು ಅಂದುಕೊಂಡಂತೆ ಆಗದಾಗ, ದುಡ್ಡು ಹೋದ ಸಂಕಟಕ್ಕಿಂತ ಅಪ್ಪನಿಗೇ ಅಪಚಾರ ಮಾಡಿದೆನೇನೋ ಎಂಬ ಸಂಕಟ ದೊಡ್ಡದಾಗುತ್ತದೆ. ಮಲೆನಾಡು, ಕೊಡಗಿನ ಮನೆಗಳಲ್ಲಿ ಕಾಫಿ ಮೂಟೆ ಸಾಗಿಸಿದ್ದು, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಒಯ್ದದ್ದು ಇಂಥ ಜೀಪುಗಳೇ. ಅದಕ್ಕೆ ಏನಾದರೂ ಆದರೆ ಮನಸ್ಸಿಗೆ ನೋವಾಗುವುದು ಸಹಜ. ಅದಕ್ಕಾಗಿ ನಾಚಿಕೊಳ್ಳಬೇಡಿ.

ಆದರೆ ‘ಕೆಡಿಸಿದೆ’ ಎಂಬ ಮಾತನ್ನು ನೀವು ಒಪ್ಪಿಕೊಳ್ಳಬೇಕಾಗಿಲ್ಲ. ನಡಿಗೆ ಬೇರೆ ಬೇರೆ ಇರುವ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದರೆ ಸಾಲು ಡೊಂಕಾಗುತ್ತದೆ. ಎರಡರಲ್ಲಿ ಯಾವ ಎತ್ತೂ ಕೆಟ್ಟದ್ದಲ್ಲ. ನಿಮ್ಮ ಜೀಪಿನಲ್ಲಿ ಆಗಿರುವುದೂ ಅದೇ. ಹಳೆಯ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತಿನವರೆಗೆ ಏರಿ ಪೂರ್ತಿ ಶಕ್ತಿ ಕೊಡುತ್ತಿತ್ತು. ಮೂರು ಗೇರಿನ ಬಾಕ್ಸನ್ನೂ 5.38 ಅನುಪಾತದ ಕ್ರೌನ್-ಪಿನಿಯನ್ನನ್ನೂ ಹೊಂದಿಸಿದ್ದು ಆ ಓಟಕ್ಕೆ. ಈಗ ಕೂರಿಸಿದ ಡೀಸೆಲ್ ಎಂಜಿನ್ನಿನ ಶಕ್ತಿ 3,200 ಸುತ್ತಿಗೇ ತುದಿ ಮುಟ್ಟುತ್ತದೆ. ಅದರ ಎಳೆತವೆಲ್ಲ ಇರುವುದು 1,500ರ ಆಸುಪಾಸಿನಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. 6.00-16 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಟಾಪ್ ಗೇರ್ 1:1. ಕ್ರೌನ್-ಪಿನಿಯನ್ ಬದಲಾಗಿಲ್ಲದಿದ್ದರೆ, ಎಂಜಿನ್ 2,500 ಸುತ್ತು ತಿರುಗುವಾಗ ಜೀಪಿನ ವೇಗ ಗಂಟೆಗೆ ಸುಮಾರು 61 ಕಿಲೋಮೀಟರ್. 3,200 ಸುತ್ತಿಗೆ 78. ಅರವತ್ತಕ್ಕೆ ಎಂಜಿನ್ ಅರಚುವುದು ಈ ಜೋಡಣೆಯಲ್ಲಿ ಆಗಲೇಬೇಕಾದದ್ದು. ನೀವು ಏನೋ ಮುರಿದಿದ್ದರಿಂದ ಆದದ್ದಲ್ಲ.

ಇನ್ನು ಮುಂದಿನ ಹೆಜ್ಜೆಗಳು. ಇವನ್ನು ಇದೇ ಕ್ರಮದಲ್ಲಿ ಇಡಿ, ಅವಸರ ಬೇಡ.

ಮೊದಲನೆಯದನ್ನು ಸ್ವಲ್ಪ ಖಡಾಖಂಡಿತವಾಗಿಯೇ ಹೇಳುತ್ತೇನೆ: ಗೇರ್ ಬಿಟ್ಟುಕೊಳ್ಳುವುದು ನಿಲ್ಲುವ ತನಕ ಈ ಜೀಪನ್ನು ಇಳಿಜಾರಿಗೆ ಒಯ್ಯಬೇಡಿ, ಕೆಲಸದವರನ್ನು ಹತ್ತಿಸಿಕೊಳ್ಳಬೇಡಿ. ಗೇರ್ ಬಿಟ್ಟ ಕ್ಷಣ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆ ಕಾಲದ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರ್. ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ.

ಎರಡನೆಯದು ಕಾಗದಪತ್ರ. ಇನ್ನೊಂದು ರೂಪಾಯಿ ಖರ್ಚು ಮಾಡುವ ಮೊದಲೇ ಇದನ್ನು ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಆರ್‌ಟಿಒ ಕಚೇರಿಗೆ ಹೋಗಿ ಮೋಟಾರು ವಾಹನ ನಿರೀಕ್ಷಕರಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ, ದಾರಿ ಕೇಳಿ. ಅಲ್ಲಿಯವರೆಗೆ ಸಾರ್ವಜನಿಕ ರಸ್ತೆಗೆ ಇಳಿಸಬೇಡಿ. ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಹಳೆಯ ಪೆಟ್ರೋಲ್ ಎಂಜಿನ್ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಎಣ್ಣೆ ಹಚ್ಚಿ ಜೋಪಾನ ಮಾಡಿ. ಅದು ಇರುವ ತನಕ ಹಿಂದಿರುಗುವ ದಾರಿಯೂ ಇರುತ್ತದೆ.

ಮೂರನೆಯದು ಅಳತೆ. ಹೊಸ ಬಾಕ್ಸ್ ಕೊಳ್ಳುವ ಮೊದಲು ಈಗಿನದು ಯಾಕೆ ಗೇರ್ ಬಿಡುತ್ತಿದೆ ಎಂದು ತಿಳಿಯಬೇಕು. ಸಿಂಕ್ರೋ ಹಲ್ಲು ಸವೆದಿರಬಹುದು, ಗೇರ್ ಹಿಡಿದಿಡುವ ಸ್ಪ್ರಿಂಗ್ ಸೋತಿರಬಹುದು, ಶಾಫ್ಟ್ ಹಿಂದೆ ಮುಂದೆ ಆಡುತ್ತಿರಬಹುದು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಹಾಕಿದ ಅಡಾಪ್ಟರ್ ಪ್ಲೇಟ್ ಓರೆಯಾಗಿದ್ದರೂ ಹೀಗಾಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದೇ ನೇರದಲ್ಲಿ ಇರಬೇಕು. ಕೂದಲೆಳೆಯಷ್ಟು ತಪ್ಪಿದರೂ ಪೈಲಟ್ ಬೇರಿಂಗ್ ಬೇಗ ಸವೆಯುತ್ತದೆ, ಗೇರ್ ನಿಲ್ಲುವುದಿಲ್ಲ. ದೋಷ ಅಲ್ಲಿದ್ದರೆ ಎಷ್ಟೇ ಒಳ್ಳೆಯ ಬಾಕ್ಸ್ ಹಾಕಿದರೂ ತೊಂದರೆ ತಪ್ಪದು. ಡಯಲ್ ಗೇಜ್ ಇಟ್ಟು ಅಳೆಯುವ ವರ್ಕ್‌ಶಾಪ್ ಹುಡುಕಿ. ಕ್ಲಚ್ ಪ್ಲೇಟನ್ನೂ ತೆಗೆಸಿ ನೋಡಿ. ಡೀಸೆಲ್ ಎಂಜಿನ್ನಿನ ಪ್ರತಿ ಹೊಡೆತವೂ ಪೆಟ್ರೋಲಿಗಿಂತ ಬಿರುಸು. ಅದನ್ನು ಮೆತ್ತಗಾಗಿಸುವ ಸ್ಪ್ರಿಂಗುಗಳು ಪ್ಲೇಟಿನಲ್ಲಿ ಗಟ್ಟಿಯಾಗಿರಬೇಕು.

ನಾಲ್ಕನೆಯದು ಆಯ್ಕೆ. ‘ಯಾವ ಬಾಕ್ಸ್ ಒಳ್ಳೆಯದು’ ಎಂದು ಕೇಳುವ ಬದಲು ‘ಈ ಜೀಪಿನಿಂದ ನನಗೆ ಆಗಬೇಕಾದ ಕೆಲಸ ಏನು’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತೋಟದೊಳಗಿನ ಕೆಲಸ ಮಾತ್ರವಾದರೆ ವೇಗ ಬೇಡವೇ ಬೇಡ. ಹಳೆಯ ಬಾಕ್ಸನ್ನೇ ಬಿಚ್ಚಿ ಸರಿಮಾಡಿಸಿದರೆ ಸಾಕಾಗಬಹುದು. ನಾಲ್ಕು ಗೇರಿನದರಲ್ಲಿ ಗೇರುಗಳ ನಡುವಿನ ಅಂತರ ಕಡಿಮೆಯಾಗಿ ಏರು ಹತ್ತುವುದು ಹಗುರಾಗುತ್ತದೆ. ಆದರೆ ಅದರ ಟಾಪ್ ಗೇರ್ ಕೂಡ 1:1 ಆಗಿದ್ದರೆ ರಸ್ತೆಯ ಅರಚಾಟ ಹಾಗೇ ಉಳಿಯುತ್ತದೆ. ಐದನೇ ಗೇರ್ 0.8ರಷ್ಟು ಇದ್ದರೆ ಅದೇ 2,500 ಸುತ್ತಿಗೆ ವೇಗ 76ಕ್ಕೆ ಏರುತ್ತದೆ. ಆದರೆ ಐದು ಗೇರಿನ ಬಾಕ್ಸ್ ಉದ್ದ. ನಿಮ್ಮ ಜೀಪಿನ ವೀಲ್‌ಬೇಸ್ ಬರೀ 80 ಇಂಚು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಿ, ಜಾಯಿಂಟಿನ ಕೋನ ಹೆಚ್ಚಾಗಿ ನಡುಕ ಶುರುವಾಗಬಹುದು. ಈ ಜೀಪಿನಲ್ಲಿ ಹಿಂದಿನ ಡಿಫರೆನ್ಶಿಯಲ್ ನಡುವೆ ಇಲ್ಲ, ಒಂದು ಬದಿಗೆ ಸರಿದಿದೆ; ಹಳೆಯ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಡುವುದೂ ಅದೇ ಬದಿಯಲ್ಲಿ. ಹೊಸ ಬಾಕ್ಸು ಹಳೆಯ ಟ್ರಾನ್ಸ್‌ಫರ್ ಕೇಸಿಗೆ ಕೂರದಿದ್ದರೆ ಖರ್ಚು ಆಕ್ಸಲಿನವರೆಗೂ ಬೆಳೆಯುತ್ತದೆ. ಕ್ರೌನ್-ಪಿನಿಯನ್ ಬದಲಿಸುವ ಮಾತು ಬಂದರೆ ಮುಂದೂ ಹಿಂದೂ ಒಂದೇ ಅನುಪಾತ ಇರಬೇಕು. ಬೇರೆ ಬೇರೆ ಇಟ್ಟು ಫೋರ್ ವೀಲ್ ಹಾಕಿದರೆ ಎರಡೂ ಒಂದಕ್ಕೊಂದು ತಿಕ್ಕಾಡಿ ಹಲ್ಲು ಹೋಗುತ್ತದೆ. ಹೇಳಿದ ಬಾಕ್ಸಿನ ಉದ್ದ, ಪ್ರತಿ ಗೇರಿನ ಅನುಪಾತ, ಒಟ್ಟು ಖರ್ಚು ಇಷ್ಟನ್ನೂ ಇಬ್ಬರು ಮೆಕ್ಯಾನಿಕರಿಂದಲೂ ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ.

ಕೊನೆಯದು ನಿಮ್ಮ ಅಣ್ಣ. ಅವರಿಗೂ ಅದು ಅಪ್ಪನ ಜೀಪು. ಕೇಳದೆ ಎಂಜಿನ್ ತೆಗೆಸಿದ್ದು ಅವರಿಗೆ ನೋವಾಗಿರಬಹುದು, ಆ ನೋವೇ ಸಿಟ್ಟಾಗಿ ಬಂದಿರಬಹುದು. ಹೋಗಿ ಸಮರ್ಥನೆ ಕೊಡಬೇಡಿ. ‘ಅಣ್ಣ, ನಿನ್ನನ್ನು ಮೊದಲೇ ಕೇಳಬೇಕಿತ್ತು. ಮುಂದಿನದ್ದನ್ನು ಇಬ್ಬರೂ ಸೇರಿ ತೀರ್ಮಾನ ಮಾಡೋಣ’ ಅನ್ನಿ. ಅಳತೆ ಮಾಡಿಸುವ ದಿನ ಅವರನ್ನೂ ವರ್ಕ್‌ಶಾಪಿಗೆ ಕರೆಯಿರಿ. ಒಂದೇ ಸಲಕ್ಕೆ ಒಪ್ಪದಿದ್ದರೆ ಬೇಸರ ಬೇಡ, ಕರೆದದ್ದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಇಷ್ಟಾದ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅದನ್ನು ಜೀಪಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಅಪ್ಪ ಹೋದ ದುಃಖವನ್ನು ನೀವು ಇನ್ನೂ ಯಾರೊಡನೆಯೂ ಹೇಳಿಕೊಂಡಿಲ್ಲದಿರಬಹುದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸುವ ಯೋಚನೆಯಲ್ಲಿರುವ ಉಳಿದ ಓದುಗರಿಗೂ ಒಂದು ಮಾತು. ಎಂಜಿನ್ನಿಗೆ ಮುಂಗಡ ಕೊಡುವ ಮೊದಲೇ ಆರ್‌ಟಿಒ ಮಾತು, ಗೇರಿನ ಲೆಕ್ಕ, ಮನೆಯವರ ಒಪ್ಪಿಗೆ ಈ ಮೂರನ್ನೂ ಮುಗಿಸಿಕೊಳ್ಳಿ. ಪತ್ರ ಬರೆದ ನೀವು ಇವನ್ನು ಸ್ವಲ್ಪ ತಡವಾಗಿ ಮಾಡುತ್ತಿದ್ದೀರಿ, ಅಷ್ಟೇ. ತಡವಾದರೂ ಮಾಡಬಹುದಾದ ಕೆಲಸಗಳೇ ಇವು. ಈ ವಾರ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ, ಉಳಿದದ್ದು ಒಂದೊಂದಾಗಿ ಆಗಲಿ.