ಮೊದಲು ಬ್ಲಾಕ್ ಕತ್ತರಿಸುವುದನ್ನು ಕಲಿ

ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗ್ ಕಲೀತೀನಿ ಅಂದೆಯಲ್ಲವ್ವಾ, ಕಲಿ. ಆದರೆ ಯಂತ್ರದ ಮುಂದೆ ಕೂರುವ ಮೊದಲು ಕೆಲವು ತಿಂಗಳು ಪೆಥಾಲಜಿ ಲ್ಯಾಬಿನಲ್ಲಿ ಅಂಗಾಂಶವನ್ನು ತೆಳು ಪದರವಾಗಿ ಕತ್ತರಿಸುವ ಮೈಕ್ರೋಟೋಮ್ ತಿರುಗಿಸು.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್‌ನವರು ಕೂಡಿ 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ‘ನೇಚರ್’ನಲ್ಲಿ ಪ್ರಕಟಿಸಿದರು. 17,294 ಜೀನ್‌ಗಳ ಪ್ರೋಟೀನುಗಳು ಅದರಲ್ಲಿವೆ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆ ವಿಧಾನದಲ್ಲಿ ಅಂಗಾಂಶವನ್ನು ಅರೆಯಲೇಬೇಕು. ಸೂಳೆಕೆರೆಯ ಎಲ್ಲ ಮೂಲೆಯ ನೀರನ್ನೂ ಒಂದೇ ಕೊಡಕ್ಕೆ ಸುರಿದು ಪರೀಕ್ಷಿಸಿದರೆ ಏನಿದೆ ಅಂತ ತಿಳಿಯುತ್ತೆ. ಏರಿ ಬುಡದ್ದೋ, ಹಳ್ಳ ಸೇರುವ ಕಡೆಯದ್ದೋ ತಿಳಿಯಲ್ಲ. ಆ ಜಾಗದ ಪತ್ತೆಗೇ ಇಮೇಜಿಂಗ್. ಅಂಗಾಂಶದ ತೆಳು ಪದರದ ಮೇಲೆ ಲೇಸರ್ ಚುಕ್ಕಿ ಚುಕ್ಕಿಯಾಗಿ ಬೀಳುತ್ತೆ, ಯಾವ ಚುಕ್ಕಿಯಲ್ಲಿ ಯಾವ ತೂಕದ ಅಣು ಅಂತ ಚಿತ್ರ ಮೂಡುತ್ತೆ. 1997ರಲ್ಲಿ ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ಮತ್ತು ಸಂಗಡಿಗರು ಈ ದಾರಿ ತೋರಿಸಿದ್ದು.

ಕಷ್ಟ ಇರುವುದು ಆಸ್ಪತ್ರೆಯ ಹಳೇ ಬ್ಲಾಕುಗಳಲ್ಲಿ, ಅಂದರೆ ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡುಗಳಲ್ಲಿ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತೆ. ಅದರಿಂದಲೇ ತುಂಡು ವರ್ಷಗಟ್ಟಲೆ ಕೊಳೆಯಲ್ಲ, ಅದರಿಂದಲೇ ಯಂತ್ರಕ್ಕೂ ಸುಲಭಕ್ಕೆ ದಕ್ಕಲ್ಲ. ಕೆಲವೇ ಮೈಕ್ರಾನ್ ದಪ್ಪದ ಸೆಕ್ಷನ್ನನ್ನು ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ವಿದ್ಯುತ್ ಹರಿಯುವ ಲೇಪದ ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಝೈಲೀನಿನಲ್ಲಿ ಮೇಣ ಕರಗಿಸಬೇಕು, ಬಫರಿನಲ್ಲಿ ಕಾಯಿಸಿ ಆ ಬಿಗಿತ ಸಡಿಲಿಸಬೇಕು. ಆಮೇಲೆ ಟ್ರಿಪ್ಸಿನ್ ಅನ್ನೋ ಕಿಣ್ವ ಸಿಂಪಡಿಸಿದರೆ ಪ್ರೋಟೀನು ಪೆಪ್ಟೈಡುಗಳಾಗಿ ತುಂಡಾಗುತ್ತೆ. ಕೊನೆಗೆ ಮ್ಯಾಟ್ರಿಕ್ಸ್, ಲೇಸರ್ ಬಿದ್ದಾಗ ಅಣುಗಳನ್ನು ಮೇಲೆಬ್ಬಿಸುವ ರಾಸಾಯನಿಕ. ಸಿಂಪಡಿಸುವಾಗ ಒಂಚೂರು ಹೆಚ್ಚು ಒದ್ದೆಯಾಯಿತೋ, ಪೆಪ್ಟೈಡು ಹರಿದು ಪಕ್ಕಕ್ಕೆ ಸೇರಿಕೊಳ್ಳುತ್ತೆ. ಪರದೆ ಮೇಲಿನ ಬಣ್ಣ ಆಗಲೂ ಚೆಂದವೇ! ಕೆಟ್ಟ ಚಿತ್ರಕ್ಕಿಂತ ಇಂಥ ಚೆಂದದ ಸುಳ್ಳು ಚಿತ್ರಕ್ಕೆ ಹೆಚ್ಚು ಹೆದರು.

ಬ್ಲಾಕು ಆರಿಸುವ ಮೊದಲು ಲ್ಯಾಬಿನ ರಿಜಿಸ್ಟರ್ ತೆಗೆಸಿ ನೋಡು. ಆಪರೇಷನ್ ಆಗಿ ಎಷ್ಟು ಹೊತ್ತಿಗೆ ತುಂಡು ಫಾರ್ಮಲಿನ್‌ಗೆ ಬಿತ್ತು, ಎಷ್ಟು ದಿನ ಅದರಲ್ಲೇ ನೆನೆಯಿತು? ಬರೆದಿರದಿದ್ದರೆ ಅಲ್ಲಿನ ಟೆಕ್ನಿಷಿಯನ್ನರನ್ನು ಕೇಳು. ಪ್ರೊಫೆಸರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತೆ. ಇದು ತಿಳಿಯದೆ, ಎರಡು ಆಸ್ಪತ್ರೆಯ ಬ್ಲಾಕುಗಳಲ್ಲಿ ಕಂಡ ವ್ಯತ್ಯಾಸವನ್ನು ರೋಗದ ತಲೆಗೆ ಕಟ್ಟಬೇಡ.

ನೈತಿಕ ಸಮಿತಿಯ ಒಪ್ಪಿಗೆ ಬರುವ ತನಕ ನಿನ್ನ ಸಂಶೋಧನೆಗೆ ಅಂತ ಬ್ಲಾಕು ಮುಟ್ಟಬೇಡ. ಒಪ್ಪಿಗೆ ಸಿಕ್ಕ ಮೇಲೂ ಪೂರ್ತಿ ಕತ್ತರಿಸಿ ಮುಗಿಸಬೇಡ ಕಣವ್ವಾ. ಆ ರೋಗಿಯ ಚಿಕಿತ್ಸೆಗೆ ನಾಳೆ ಅದೇ ಬ್ಲಾಕಿನಿಂದ ಇನ್ನೊಂದು ಸೆಕ್ಷನ್ ಬೇಕಾಗಬಹುದು.