ಕಂಪ್ಯೂಟರ್ ಕೈಕೊಡುವ ಮೊದಲೇ ಒಂದು ಪೆನ್‌ಡ್ರೈವ್ ಸಿದ್ಧವಿರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಜೆರಾಕ್ಸ್ ಅಂಗಡಿ, ಹಾಲಿನ ಡೇರಿಗಳಲ್ಲಿ ಹಳೆಯ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಹಾಗೆಂದು ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಆದರೆ ಒಂದು ಬೆಳಿಗ್ಗೆ ವಿಂಡೋಸ್ ತೆರೆಯದೇ ಹೋದರೆ, ‘ಫಾರ್ಮ್ಯಾಟ್ ಮಾಡ್ಬೇಕು, ಬಿಟ್ಟು ಹೋಗಿ’ ಎನ್ನುವವರ ಮುಂದೆ ನಿಲ್ಲಬೇಕಾಗುತ್ತದೆ. ರಿಕವರಿ ಪೆನ್‌ಡ್ರೈವ್ ಇದ್ದರೆ ಆ ಕೆಲಸ ಮನೆಯಲ್ಲೇ ಆಗುತ್ತದೆ. ಅದನ್ನು ಕಂಪ್ಯೂಟರ್ ನೆಟ್ಟಗಿರುವಾಗಲೇ ಮಾಡಿಟ್ಟುಕೊಳ್ಳಬೇಕು.

ವಿಂಡೋಸ್ 10 ಇದ್ದರೆ 16 ಜಿಬಿ ಪೆನ್‌ಡ್ರೈವ್ ಬೇಕು, 32 ಜಿಬಿ ಆದರೆ ನಿಶ್ಚಿಂತೆ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇರುವುದನ್ನು ತರಬೇಡಿ. ಸ್ಟಾರ್ಟ್ ಪಕ್ಕದ ಸರ್ಚ್‌ನಲ್ಲಿ ‘ರಿಕವರಿ ಡ್ರೈವ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ‘ಕ್ರಿಯೇಟ್ ಎ ರಿಕವರಿ ಡ್ರೈವ್’ ತೆರೆಯಿರಿ. ‘ಬ್ಯಾಕಪ್ ಸಿಸ್ಟಂ ಫೈಲ್ಸ್’ ಎಂಬಲ್ಲಿ ಟಿಕ್ ಇರಲೇಬೇಕು. ಅದಿಲ್ಲದಿದ್ದರೆ ರಿಪೇರಿ ಸಲಕರಣೆಗಳಷ್ಟೇ ಸೇರುತ್ತವೆ, ವಿಂಡೋಸ್ ಸೇರುವುದಿಲ್ಲ. ನೆಕ್ಸ್ಟ್ ಒತ್ತಿ, ಪೆನ್‌ಡ್ರೈವ್ ಆರಿಸಿ, ಕ್ರಿಯೇಟ್ ಕೊಡಿ. ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿದರೂ ಗಾಬರಿ ಬೇಡ. ನಡುವೆ ಕರೆಂಟ್ ಹೋದರೆ ಪೆನ್‌ಡ್ರೈವ್ ಕೆಲಸವಷ್ಟೇ ಕೆಡುತ್ತದೆ, ಮತ್ತೆ ಶುರುಮಾಡಿದರಾಯಿತು. ಇದಕ್ಕೆ ಇಂಟರ್ನೆಟ್ ಬೇಡ ಎನ್ನುವುದು ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಿಗೆ ದೊಡ್ಡ ಅನುಕೂಲ.

‘ಕೆಲವು ಫೈಲ್‌ಗಳಿಲ್ಲ’ ಎಂಬ ಸಂದೇಶ ಬಂದು ಕೆಲಸ ನಿಂತರೆ? ಹಿಂದೆ ಯಾರೋ ವಿಂಡೋಸ್ ಹಾಕುವಾಗ ಕಂಪನಿಯ ರಿಕವರಿ ಭಾಗವನ್ನೇ ಒರೆಸಿರಬಹುದು. ಆಗ ನೆಟ್ ಚೆನ್ನಾಗಿರುವ ಕಡೆ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 10 ತುಂಬಿಸಿಕೊಳ್ಳಿ. 32 ಬಿಟ್ಟೋ 64 ಬಿಟ್ಟೋ ನೋಡಿಕೊಂಡೇ ಆರಿಸಿ.

ವಿಂಡೋಸ್ 7ರ ಕತೆ ಬೇರೆ. ಅದರಲ್ಲಿ ಮಾಡುವ ‘ಸಿಸ್ಟಂ ರಿಪೇರ್ ಡಿಸ್ಕ್’ ರಿಪೇರಿಗೆ ಮಾತ್ರ, ಅದರಿಂದ ವಿಂಡೋಸ್ ಹೊಸದಾಗಿ ಹಾಕಲಾಗದು. ಎಚ್‌ಪಿ, ಏಸರ್ ಮುಂತಾದವು ತಮ್ಮದೇ ರಿಕವರಿ ಪ್ರೋಗ್ರಾಂ ಕೊಟ್ಟಿದ್ದವು. ಅದು ಉಳಿದಿದ್ದರೆ, ಡಿವಿಡಿ ರೈಟರ್‌ಗೆ ಇನ್ನೂ ಜೀವವಿದ್ದರೆ, ಡಿಸ್ಕ್ ಮಾಡಿಕೊಳ್ಳಿ. ಯಂತ್ರದ ಮೈಮೇಲಿರುವ 25 ಅಕ್ಷರಗಳ ಪ್ರಾಡಕ್ಟ್ ಕೀ ಸ್ಟಿಕ್ಕರ್ ಅಳಿಸಿಹೋಗುವ ಮೊದಲು ಫೋಟೊ ತೆಗೆದಿಡಿ.

ಇಷ್ಟರಲ್ಲಿ ಎಲ್ಲಿಯೂ ನಿಮ್ಮ ಕಡತಗಳು ಸೇರಿಲ್ಲ. ರಿಕವರಿ ಪೆನ್‌ಡ್ರೈವ್‌ನಿಂದ ವಿಂಡೋಸ್ ಮರಳಿ ಹಾಕಿದರೆ ಇದ್ದಬದ್ದ ಕಡತಗಳೂ ಪ್ರೋಗ್ರಾಂಗಳೂ ಹೋಗುತ್ತವೆ. ಆದ್ದರಿಂದ ಟ್ಯಾಲಿ ಬ್ಯಾಕಪ್, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಲ್ಲಿ ಗುಡ್ಡೆ ಬಿದ್ದಿರುವ ಫೈಲ್‌ಗಳನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ. ಡಿಟಿಪಿಯವರು ಇನ್ನೊಂದು ಕೆಲಸ ಮಾಡಬೇಕು: ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೂ ಅವುಗಳ ಇನ್‌ಸ್ಟಾಲರ್‌ಗಳನ್ನೂ ಕಾಪಿ ಮಾಡಿಡಬೇಕು. ಯೂನಿಕೋಡ್ ಅಲ್ಲದ ಕಡತ ಆ ಫಾಂಟ್ ಇಲ್ಲದೆ ತೆರೆದರೆ ಲಗ್ನಪತ್ರಿಕೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಇದನ್ನು ಯಾವ ರಿಪೇರಿಯವರೂ ನೆನಪಿಸುವುದಿಲ್ಲ.

ಕೊನೆಗೆ ಪರೀಕ್ಷೆ. ಪೆನ್‌ಡ್ರೈವ್ ಚುಚ್ಚಿ, ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಬೂಟ್ ಮೆನು ಕೀ ಒತ್ತುತ್ತಾ ಹೋಗಿ. ಸಾಮಾನ್ಯವಾಗಿ ಎಚ್‌ಪಿಯಲ್ಲಿ ಎಫ್9, ಡೆಲ್ ಮತ್ತು ಲೆನೊವೊದಲ್ಲಿ ಎಫ್12. ಏಸರ್‌ನಲ್ಲೂ ಎಫ್12, ಕೆಲವು ಮಾಡೆಲ್‌ಗಳಲ್ಲಿ ಅದನ್ನು ಮೊದಲು ಬಯಾಸ್‌ನಲ್ಲಿ ಚಾಲೂ ಮಾಡಬೇಕು. ಯುಎಸ್‌ಬಿ ಆರಿಸಿದಾಗ ರಿಕವರಿ ಡ್ರೈವ್ ಆಗಿದ್ದರೆ ಕೀಬೋರ್ಡ್ ಆಯ್ಕೆಯೂ ಆಮೇಲೆ ‘ಟ್ರಬಲ್‌ಶೂಟ್’ ಪರದೆಯೂ ಬರುತ್ತವೆ. ಬಂದರೆ ಪೆನ್‌ಡ್ರೈವ್ ಸರಿಯಿದೆ. ‘ರಿಕವರ್ ಫ್ರಮ್ ಎ ಡ್ರೈವ್’ ಮುಟ್ಟದೆ ಯಂತ್ರ ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು, ಮಾಡೆಲ್ ಹೆಸರು ಮತ್ತು ತಾರೀಖಿನ ಚೀಟಿ ಅಂಟಿಸಿ. ಬೇರೆ ಮಾಡೆಲ್‌ನ ಕಂಪ್ಯೂಟರ್‌ಗೆ ಅದನ್ನು ಬಳಸಬೇಡಿ.