ಶಹಾಬಾದ್ ಪರಸಿಗೆ ಹುಳಿ ಸೋಕಿಸಬೇಡವ್ವಾ

ನೋಡವ್ವಾ, ಬೆಕ್ಕು ಸಾಕಿದ್ದಕ್ಕೆ ನನ್ನ ತಕರಾರಿಲ್ಲ. ಜೋಳದ ಚೀಲ ಇದ್ದ ಮನೆಗೆ ಇಲಿ ಬರುತ್ತವೆ, ಇಲಿ ಬಂದರೆ ಬೆಕ್ಕು ಬೇಕು. ಆದರೆ ಪಡಸಾಲೆಗೆ ಬಂದ ಬೀಗರು ಸೆರಗಿನಿಂದ ಮೂಗು ಮುಚ್ಚಿಕೊಳ್ಳಬಾರದು. ಬೆಕ್ಕಿನ ಉಚ್ಚೆ ತೊಳೆಯಲೆಂದು ಫೋನಿನಲ್ಲಿ ನೋಡಿ ವಿನೆಗರ್ ತರಿಸಿದ್ದೀಯಂತೆ. ಅದರ ಬಿರಡೆ ತೆಗೆಯುವ ಮುಂಚೆ ಇಷ್ಟು ಕೇಳು.

• ಮೊದಲು ನೆಲ ಯಾವುದು ನೋಡು. ಗುಂಜಹಳ್ಳಿಯ ನಮ್ಮ ಈ ಮನೆಗೆ ಹಾಸಿದ್ದು ಶಹಾಬಾದ್ ಪರಸಿ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ ಕಡೆಯಿಂದ ಬರುವ ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಾರ್ಖಾನೆಗಳಲ್ಲಿ ಸಿಮೆಂಟು ಆಗುವುದೂ ಆ ಸೀಮೆಯ ಸುಣ್ಣದ ಕಲ್ಲೇ. ಹುಳಿ ಬಿದ್ದರೆ ಗುಳ್ಳೆ ಎದ್ದು ಕಲ್ಲಿನ ಮೈ ಸವೆಯುತ್ತದೆ, ಮಂಕು ಕಲೆ ಉಳಿಯುತ್ತದೆ. ಆ ಕಲೆಯನ್ನು ಯಾವ ಸೋಪೂ ತೆಗೆಯಲಾರದು, ಪಾಲಿಶ್ ಮಷೀನೇ ಬರಬೇಕು. ನುಣುಪು ಹೋದ ಕಲ್ಲು ಮುಂದಿನ ಸಲ ಉಚ್ಚೆಯನ್ನು ಇನ್ನೂ ಹೆಚ್ಚು ಹೀರುತ್ತದೆ. ಹಾಗಾಗಿ ವಿನೆಗರ್, ಲಿಂಬಿಹಣ್ಣು, ಹುಣಸೆ ಹುಳಿ, ಸಂಡಾಸಿಗೆ ಹಾಕುವ ಆಸಿಡ್ ಯಾವುದೂ ಬೇಡ. ನಿನ್ನ ತವರಿನ ಟೈಲ್ಸಿಗೆ ನೀರು ಬೆರೆಸಿದ ವಿನೆಗರ್ ನಡೆದೀತು, ಅಲ್ಲೂ ಸಂದಿಯ ಸಿಮೆಂಟು ಜೋಪಾನ. ಕಲ್ಲು ಯಾವುದೆಂದು ಗೊತ್ತಾಗದಿದ್ದರೆ ಕಪಾಟಿನ ಹಿಂದೆ, ಯಾರಿಗೂ ಕಾಣದ ಕಡೆ ಒಂದೇ ಹನಿ ಲಿಂಬಿರಸ ಬಿಟ್ಟು ನೋಡು. ಗುಳ್ಳೆ ಬಂತೋ, ಕೂಡಲೇ ತೊಳೆದುಬಿಡು.

• ಹಸಿ ಉಚ್ಚೆಯನ್ನು ತಿಕ್ಕಬೇಡ, ಹಳೆ ಧೋತರದ ಚೂರಿನಿಂದ ಒತ್ತಿ ಹೀರಿಸು. ಮೇಲೆ ಒಣ ಉಸುಕು ಸುರುವಿ, ಹೀರಿದ ಮೇಲೆ ಬಳಿದು ತೆಗೆ. ಆಮೇಲೆ ತಣ್ಣೀರು. ವಾಂತಿ, ಹೇಲು, ರಕ್ತಕ್ಕಂತೂ ಬಿಸಿನೀರು ಹಾಕಲೇಬೇಡ, ಕಲೆ ಕಚ್ಚಿಕೊಂಡುಬಿಡುತ್ತದೆ.

• ಒಣಗಿ ಹಳತಾದದ್ದೇ ನಿಜವಾದ ತಲೆನೋವು. ಬೆಕ್ಕಿನ ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗದ ಹರಳಾಗಿ ಸಂದಿಯಲ್ಲಿ ಕೂರುತ್ತದೆ. ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ವಾಸನೆ ಹೋಯಿತೆಂದು ನೀನು ನಿಶ್ಚಿಂತೆಯಿಂದ ಇರುತ್ತೀಯ. ಮಳೆ ಹಿಡಿದ ದಿನ ತೇವಕ್ಕೆ ಮತ್ತೆ ಗಬ್ಬೆನ್ನುತ್ತದೆ. ಇದಕ್ಕೆ ಸಾಕುಪ್ರಾಣಿಗಳ ಕಲೆಗೆಂದೇ ಸಿಗುವ ಎಂಜೈಮ್ ದ್ರಾವಣ ಬೇಕು. ಡಬ್ಬಿಯ ಮೇಲೆ ಸುಣ್ಣದ ಕಲ್ಲಿಗೆ, ಮಾರ್ಬಲ್‌ಗೆ ನಡೆಯುತ್ತದೆಯೇ ಎಂದು ಓದಿ ಕೊಳ್ಳು. ಕಲೆಗಿಂತ ಒಂದು ಗೇಣು ಹೆಚ್ಚು ಅಗಲಕ್ಕೆ ತೋಯಿಸು, 15 ನಿಮಿಷವಾದರೂ ಹಸಿಯಾಗಿರಲಿ. ಬಹಳ ಹಳೆಯದಾದರೆ ಒದ್ದೆ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡು. ನಮ್ಮ ಸೆಕೆಗೆ ಬೇಗ ಒಣಗುತ್ತದಲ್ಲ, ಒಣಗಿದರೆ ಎಂಜೈಮಿನ ಕೆಲಸ ನಿಂತಿತು. ಮುಂಚೆ ಫಿನಾಯಿಲ್ ಬಳಿದ ಜಾಗವಾದರೆ ಬರೀ ನೀರಿನಿಂದ ನಾಲ್ಕಾರು ಸಲ ತೊಳೆದೇ ಹಾಕು.

• ಫಿನಾಯಿಲ್ ಅಂದೆನಲ್ಲ, ಬೆಕ್ಕಿರುವ ಮನೆಗೆ ಅದನ್ನು ತರಲೇಬೇಡ. ಫಿನಾಲ್ ಜಾತಿಯ ಔಷಧ ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯೂ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಎದೆ ಉರಿಸುವ ಅನಿಲ ಬರುತ್ತದೆ, ಆಸಿಡ್ ಜೊತೆ ಸೇರಿದರೆ ಕ್ಲೋರಿನ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದು ಆಟವಲ್ಲ.

• ಗಾದಿಗೆ ನೀರು ಸುರಿದರೆ ಅರಳೆ ಗಂಟು ಕಟ್ಟುತ್ತದೆ. ಒತ್ತಿ ಹೀರಿಸಿ, ಅಡುಗೆ ಸೋಡಾ ಉದುರಿಸಿ, ಬೆಳಿಗ್ಗೆ ಝಾಡಿಸಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕು, ಎರಡೂ ಮಗ್ಗುಲು. ಒಳಗೆ ಇಳಿದಿದ್ದರೆ ಹೊಲಿಗೆ ಬಿಚ್ಚಿ, ಅರಳೆ ಹಿಂಜುವವರಿಂದ ಕೆಟ್ಟಷ್ಟು ತೆಗೆಸಿ ಹೊಸದು ತುಂಬಿಸುವುದೇ ಸರಿ. ಅಂಗಡಿಯಲ್ಲಿ ಹೊಸ ಗಾದಿ ಕೊಳ್ಳುವುದಕ್ಕಿಂತ ಅಗ್ಗ. ಸೋಡಾ, ವಿನೆಗರ್ ಎರಡನ್ನೂ ಕಲೆಸಿ ಹಾಕುವವರನ್ನು ನೋಡಿದ್ದೇನೆ. ನೊರೆ ಚಂದ ಬರುತ್ತದೆ, ಒಂದರ ಗುಣವನ್ನು ಇನ್ನೊಂದು ತಿಂದುಹಾಕುತ್ತದೆ, ಅಷ್ಟೇ.

• ಕೌದಿ, ಜಮಖಾನೆಗೆ ಏನೇ ಹಚ್ಚುವ ಮುಂಚೆ ಅಂಚಿಗೆ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡು.

• ಸಾಗವಾನಿ ಮಂಚದ ಕಾಲನ್ನು ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸು, ಬಿಸಿಲಿಗೆ ಸೀಳುತ್ತದೆ. ಕಪ್ಪಾಗಿದ್ದರೆ ಪಾಲಿಶ್ ಪೇಪರಿನಿಂದ ಉಜ್ಜಿ ಮತ್ತೆ ಪಾಲಿಶ್ ಕೊಡಿಸಬೇಕು.

• ವಾಸನೆ ಇದೆ, ಜಾಗ ಸಿಗುತ್ತಿಲ್ಲವೇ? ಅಂಗಡಿಯವರು ಖೋಟಾ ನೋಟು ನೋಡುವ ನೀಲಿ ಟಾರ್ಚ್ ಇದೆಯಲ್ಲ, ರಾತ್ರಿ ದೀಪ ಆರಿಸಿ ಅದನ್ನು ಬಿಡು. ಒಣಗಿದ ಉಚ್ಚೆ ಹಳದಿಯಾಗಿ ಮಿನುಗುತ್ತದೆ. ಗೋಡೆಯ ಬುಡವನ್ನೂ ನೋಡು.

• ಮೂಲೆಯಲ್ಲೊಂದು ಅಗಲ ಬುಟ್ಟಿಗೆ ಉಸುಕು ತುಂಬಿಡು, ದಿನಾ ಹೇಲು ತೆಗೆ. ಬೆಕ್ಕಿನ ಹೇಲಿನಲ್ಲಿ ಟಾಕ್ಸೊಪ್ಲಾಸ್ಮಾ ರೋಗಾಣು ಇದ್ದರೆ, ಒಂದು ದಿನ ಕಳೆದ ಮೇಲಷ್ಟೇ ಅದು ಅಂಟುವ ಸ್ಥಿತಿಗೆ ಬರುತ್ತದೆ. ಬಸುರಿ ಇರುವಾಗ ನೀನು ಮುಟ್ಟಬೇಡ, ನನ್ನ ಮಗನಿಗೆ ಹೇಳು.

• ಗಂಡು ಬೆಕ್ಕು ಬಾಲ ಎತ್ತಿ ಗೋಡೆಗೆ ಸಿಂಪಡಿಸತೊಡಗಿದರೆ ಎಷ್ಟು ತೊಳೆದರೂ ದಂಡ, ರಾಯಚೂರಿಗೆ ಒಯ್ದು ಬೀಜ ತೆಗೆಸು. ಮತ್ತೆ ಮತ್ತೆ ಕುಳಿತು ತಿಣುಕಿದರೂ ಹನಿ ಬರುತ್ತಿಲ್ಲವೆಂದರೆ ಅದು ಗಲೀಜಿನ ಮಾತಲ್ಲ, ಮೂತ್ರ ಕಟ್ಟಿದೆ. ಆವತ್ತು ನೆಲ ಹಾಗೇ ಇರಲಿ, ಮೊದಲು ಪಶು ಆಸ್ಪತ್ರೆಗೆ ಓಡು.